ನೇರಳೆ, ಪೇರಲ, ನೀಲಗಿರಿ, ಲವಂಗ, ಬಾಟಲ್‌ಬ್ರಷ್: ಪ್ರಾಜೆಕ್ಟಿಗೆ ಯಾವ ಗಿಡ?

ಪ್ರತಿ ವರ್ಷ ಫೆಬ್ರುವರಿಯಲ್ಲಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ನಾಲ್ಕೈದು ಮಂದಿ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಾರೆ. ಶೀರ್ಷಿಕೆಯನ್ನು ಆಗಲೇ ನಿಶ್ಚಯಿಸಿಕೊಂಡಿರುತ್ತಾರೆ. ‘ಮೇಡಂ, ನೇರಳೆ ಹಣ್ಣಿನ ಮೇಲೆ ಮಾಡುತ್ತೇವೆ.’ ಹಣ್ಣು ಎಲ್ಲಿದೆ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಫೆಬ್ರುವರಿಯಲ್ಲಿ ಕಲಬುರಗಿಯ ಯಾವ ನೇರಳೆ ಮರದಲ್ಲೂ ಹಣ್ಣಿರುವುದಿಲ್ಲ. ಹಣ್ಣು ಬುಟ್ಟಿಗೆ ಬರುವುದು ಜೂನ್ ಹೊತ್ತಿಗೆ, ಅಂದರೆ ಇವರು ಪ್ರಬಂಧವನ್ನು ಬೈಂಡಿಂಗಿಗೆ ಕೊಡುವ ದಿನಗಳಲ್ಲಿ.

ಹೀಗೆ ಗಿಡದ ಕಾಲ ನೋಡದೆ ವಿಷಯ ಆರಿಸಿಕೊಂಡು, ಕೊನೆಗೆ ಅಂಗಡಿಯಿಂದ ಯಾವುದೋ ಪುಡಿ ತಂದು ಕೆಲಸ ಮುಗಿಸಿದವರನ್ನು ನಾನು ಕಂಡಿದ್ದೇನೆ. ಹಲವು ವರ್ಷಗಳ ಹಿಂದೆ ನನ್ನ ಮಾರ್ಗದರ್ಶನದಲ್ಲಿಯೇ ಹಾಗಾಯಿತು. ವಿದ್ಯಾರ್ಥಿನಿಯೊಬ್ಬಳು ಮಾರುಕಟ್ಟೆಯಿಂದ ನೇರಳೆ ಬೀಜದ ಪುಡಿ ತಂದು ಮೂರು ತಿಂಗಳು ಶ್ರದ್ಧೆಯಿಂದ ದುಡಿದಳು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು: ‘ಇದು ಯಾವ ಮರದ ಬೀಜ, ಅದರ ಹರ್ಬೇರಿಯಂ ಹಾಳೆ ತೋರಿಸಿ.’ ಮರದ ಕೊಂಬೆಯನ್ನು ಒತ್ತಿ ಒಣಗಿಸಿ ಗುರುತು ಬರೆದಿಟ್ಟ ಅಂಥ ಹಾಳೆ ಇರಲಿಲ್ಲ. ಅವಳ ಅಂಕಿ ಅಂಶಗಳು ತಪ್ಪೆಂದು ಯಾರೂ ಹೇಳಲಿಲ್ಲ, ಆದರೆ ಅವು ಯಾವ ಗಿಡಕ್ಕೆ ಸೇರಿದವು ಎಂದು ಹೇಳುವ ದಾರಿಯೇ ಇರಲಿಲ್ಲ. ಅದು ಅವಳ ತಪ್ಪಲ್ಲ, ನಾನು ಫೆಬ್ರುವರಿಯಲ್ಲೇ ತಡೆಯಬೇಕಿತ್ತು. ಆ ಕೊರಗೇ ಈ ಬರಹಕ್ಕೆ ಕಾರಣ.

ನಾನು ಹೋಲಿಸುವ ಐದೂ ಗಿಡಗಳು ಮಿರ್ಟೇಸಿ ಕುಟುಂಬಕ್ಕೆ ಸೇರಿದವು. ಸುಮಾರು 130 ಕುಲಗಳು, ಐದೂವರೆ ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ದೊಡ್ಡ ಬಳಗ ಅದು. ಪೇರಲದ ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದು ನೋಡಿ, ಸೂಜಿ ಚುಚ್ಚಿದಂತೆ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಕೋಶಗಳು. ನೇರಳೆ ಮತ್ತು ನೀಲಗಿರಿಯ ಎಲೆಗಳಲ್ಲಿ ಅಂಚಿಗೆ ಸಮಾನಾಂತರವಾಗಿ ಓಡುವ ತೆಳುವಾದ ನರವೂ ಕಾಣುತ್ತದೆ. ಹೂವಿನಲ್ಲಿ ಲೆಕ್ಕವಿಲ್ಲದಷ್ಟು ಕೇಸರಗಳು, ಕೆಳಗೆ ಹೂಪೀಠದೊಳಗೆ ಅಡಗಿದ ಅಂಡಾಶಯ. ಇಷ್ಟು ತಿಳಿದರೆ ಬಳಗದವರನ್ನು ಎಲ್ಲಿಯಾದರೂ ಗುರುತಿಸಬಹುದು. ಐದರಲ್ಲಿ ನಮ್ಮ ನೆಲದ್ದು ನೇರಳೆ ಒಂದೇ. ಪೇರಲ ಅಮೆರಿಕ ಖಂಡದ ಉಷ್ಣವಲಯದಿಂದ ಬಂದದ್ದು, ನೀಲಗಿರಿ ಮತ್ತು ಬಾಟಲ್‌ಬ್ರಷ್ ಆಸ್ಟ್ರೇಲಿಯಾದವು, ಲವಂಗ ಇಂಡೋನೇಷ್ಯಾದ ಮಲುಕು ದ್ವೀಪಗಳದು.

ಆರಿಸುವ ಮುನ್ನ ಹೆಸರಿನ ಒಂದು ತೊಡಕನ್ನು ಹೇಳಿಬಿಡುತ್ತೇನೆ. ಪುಸ್ತಕದ ಪೇರಲ ಬೆಂಗಳೂರಿಗೆ ಹೋದರೆ ಸೀಬೆ, ನಮ್ಮ ಸಂತೆಯ ದಖನಿ ಮಾತಿನಲ್ಲಿ ಅದು ‘ಜಾಮ್’. ನೇರಳೆಗೆ ಅದೇ ಮಾತಿನಲ್ಲಿ ‘ಜಾಮುನ್’. ಕಲಬುರಗಿಯ ಸೂಪರ್ ಮಾರ್ಕೆಟಿನಲ್ಲಿ ‘ಜಾಮ್ ಎಲೆ ಬೇಕು’ ಎಂದು ಕೇಳಿ ತಂದ ಕಂತೆಯನ್ನು ನೇರಳೆ ಎಂದು ಬರೆದುಕೊಂಡವರಿದ್ದಾರೆ. ವೈಜ್ಞಾನಿಕ ಹೆಸರುಗಳಲ್ಲೂ ಗೊಂದಲ ಕಡಿಮೆಯಿಲ್ಲ. ನೇರಳೆ ಇಂದು ಸಿಜಿಜಿಯಂ ಕ್ಯುಮಿನಿ. ಹಳೆಯ ಔಷಧ ಸಂಶೋಧನೆಯ ಬಹುಪಾಲು ಯುಜೀನಿಯಾ ಜಾಂಬೊಲಾನಾ ಎಂಬ ಹೆಸರಿನಡಿ ಇದೆ. ಎರಡನ್ನೂ ಹುಡುಕದಿದ್ದರೆ ಅರ್ಧ ಸಾಹಿತ್ಯ ತಪ್ಪಿಹೋಗುತ್ತದೆ. ನಿಂಬೆ ವಾಸನೆಯ ನೀಲಗಿರಿಯನ್ನು 1995ರಲ್ಲಿ ಯೂಕಲಿಪ್ಟಸ್ ಕುಲದಿಂದ ತೆಗೆದು ಕೊರಿಂಬಿಯಾಕ್ಕೆ ಸೇರಿಸಿದರು. ಬಾಟಲ್‌ಬ್ರಷ್ಷನ್ನು ಕ್ಯಾಲಿಸ್ಟೆಮಾನ್ ಎನ್ನಬೇಕೋ ಮೆಲಲೂಕಾ ಎನ್ನಬೇಕೋ ಎಂಬ ಚರ್ಚೆ ಈಗಲೂ ನಡೆದಿದೆ. ಹೆಸರಿನ ತಲೆನೋವಿಲ್ಲದ್ದು ಪೇರಲ ಮಾತ್ರ: 1753ರಲ್ಲಿ ಲಿನೇಯಸ್ ಕೊಟ್ಟ ಸಿಡಿಯಂ ಗ್ವಾಜಾವ ಎಂಬ ಹೆಸರೇ ಇಂದಿಗೂ ನಡೆಯುತ್ತಿದೆ.

ನೇರಳೆ: ವರ್ಷಪೂರ್ತಿ ಕಾಯಬಲ್ಲವರಿಗೆ

ನನ್ನ ಮನಸ್ಸು ಒಲಿಯುವುದು ನೇರಳೆಗೇ, ಅದನ್ನು ಮುಚ್ಚಿಡುವುದಿಲ್ಲ. ಹಳ್ಳದ ದಂಡೆ, ದೇವಸ್ಥಾನದ ಅಂಗಳ, ಹಳೆಯ ಬಾವಿಯ ಪಕ್ಕ, ಎಲ್ಲೆಡೆ ನಿಂತ ಈ ಮರದ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಇನ್ನೂ ರಾಶಿ ಇವೆ. ಆದರೆ ಅದು ನಾಲ್ಕು ತಿಂಗಳ ಪ್ರಾಜೆಕ್ಟಿಗೆ ಬಗ್ಗುವ ಮರವಲ್ಲ.

ಕಾಲದ ಲೆಕ್ಕ ಹೀಗಿದೆ. ಮಾರ್ಚ್-ಏಪ್ರಿಲ್‌ನಲ್ಲಿ ಹೂವು, ಜೂನ್-ಜುಲೈನಲ್ಲಿ ಹಣ್ಣು. ಬೀಜವೂ ಅದೇ ಎರಡು ತಿಂಗಳ ಸರಕು, ಏಕೆಂದರೆ ನೇರಳೆ ಬೀಜ ತೊಗರಿಯಂತೆ ಒಣಗಿಸಿ ಡಬ್ಬಿಯಲ್ಲಿಟ್ಟು ಬೇಕಾದಾಗ ಬಿತ್ತುವ ಬೀಜವಲ್ಲ. ಒಣಗಿದರೆ ಅದರ ಜೀವ ಹೋಗುತ್ತದೆ. ಹಣ್ಣು ತಿಂದು ಉಗುಳಿದ ಕೆಲವೇ ದಿನಗಳಲ್ಲಿ ಬಿತ್ತಿದರೆ ಮೊಳಕೆ ಬರುತ್ತದೆ, ತಿಂಗಳುಗಟ್ಟಲೆ ಇಟ್ಟರೆ ಇಲ್ಲ. ಆದ್ದರಿಂದ ಬೀಜದ ಕೆಲಸ ಮಾಡುವವರು ಜೂನ್‌ನಲ್ಲಿ, ಅಂದರೆ ಮೂರನೆಯ ಸೆಮಿಸ್ಟರಿಗೂ ಮೊದಲೇ ಆರಂಭಿಸಬೇಕು. ಹಾಗೆ ಆರಂಭಿಸುವ ಧೈರ್ಯವಿದ್ದರೆ ಖರ್ಚಿಲ್ಲದ ಒಂದು ಒಳ್ಳೆಯ ವಿಷಯ ಕಾದಿದೆ. ನೇರಳೆಯ ಒಂದೇ ಬೀಜದಿಂದ ಎರಡು, ಮೂರು, ಕೆಲವೊಮ್ಮೆ ಇನ್ನೂ ಹೆಚ್ಚು ಸಸಿಗಳು ಹೊರಡುತ್ತವೆ. ಇದಕ್ಕೆ ಬಹುಭ್ರೂಣತೆ ಎನ್ನುತ್ತಾರೆ. ಕೆಲವು ಸಸಿಗಳು ಪರಾಗಸ್ಪರ್ಶದಿಂದ ಹುಟ್ಟಿದರೆ, ಉಳಿದವು ತಾಯಿಯ ಅಂಗಾಂಶದಿಂದಲೇ ಹುಟ್ಟಿ ತಾಯಿಯ ಪಡಿಯಚ್ಚಾಗಿರುತ್ತವೆ. ಕಲಬುರಗಿ, ಬೀದರ್, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳ ಹತ್ತು ಮರಗಳಿಂದ ನೂರು ನೂರು ಬೀಜ ತಂದು, ಮರಳಿನ ಮಡಿಯಲ್ಲಿ ಬಿತ್ತಿ, ಬೀಜಕ್ಕೆ ಎಷ್ಟು ಸಸಿ ಎಂದು ಎಣಿಸುತ್ತಾ ಹೋದರೆ ಅದು ಪೂರ್ಣ ಪ್ರಮಾಣದ ಪ್ರಬಂಧ. ಬೇಕಾದದ್ದು ಮರಳು, ನೀರು, ಚೀಟಿ ಮತ್ತು ತಾಳ್ಮೆ.

ಫೆಬ್ರುವರಿಯಲ್ಲಿ ನೇರಳೆಯೇ ಬೇಕು ಎಂದು ಹಟ ಹಿಡಿಯುವವರಿಗೆ ನಾನು ಹೂವನ್ನು ತೋರಿಸುತ್ತೇನೆ. ಅದರ ದಳಗಳು ಬಿಡಿಬಿಡಿಯಾಗಿ ಅರಳುವುದಿಲ್ಲ, ಒಟ್ಟಿಗೆ ಅಂಟಿಕೊಂಡು ಪುಟ್ಟ ಟೊಪ್ಪಿಗೆಯಂತೆ ಉದುರುತ್ತವೆ. ಆಮೇಲೆ ಹೊರಗೆ ಚಾಚುವ ಬಿಳಿ ಕೇಸರಗಳ ಮೇಲೆ ಜೇನುನೊಣಗಳ ಸಂತೆ. ಯಾವ ನೊಣ, ಎಷ್ಟು ಹೊತ್ತಿಗೆ, ಎಷ್ಟು ಬಾರಿ? ಕೆಲವು ಗೊಂಚಲುಗಳಿಗೆ ಬಲೆಯ ಚೀಲ ಕಟ್ಟಿ, ಕೆಲವನ್ನು ತೆರೆದು ಬಿಟ್ಟು, ಕಾಯಿ ಕಟ್ಟಿದ ಪ್ರಮಾಣವನ್ನು ಹೋಲಿಸಬಹುದು. ಬೆಳಿಗ್ಗೆ ಆರಕ್ಕೆ ಮರದ ಕೆಳಗೆ ನಿಲ್ಲಲು ಸಿದ್ಧರಿದ್ದವರಿಗೆ ಇದು ನಾಲ್ಕು ತಿಂಗಳಲ್ಲೂ ಆಗುತ್ತದೆ. ಒಂಬತ್ತು ಗಂಟೆಯ ನಂತರ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ನೊಣವೂ ನಿಲ್ಲುವುದಿಲ್ಲ, ನೀವೂ ನಿಲ್ಲಲಾರಿರಿ.

ಹಣ್ಣಿನ ರಸಾಯನವನ್ನು ಬಯಸುವವರು ಸಿಪ್ಪೆಯ ಬಣ್ಣವನ್ನು ಹಿಡಿಯಬೇಕು. ಆ ನೀಲಿ-ನೇರಳೆ ಬಣ್ಣ ಡೆಲ್ಫಿನಿಡಿನ್, ಪೆಟುನಿಡಿನ್, ಮಾಲ್ವಿಡಿನ್ ಎಂಬ ಆಂಥೋಸಯಾನಿನ್‌ಗಳದು. ಅದನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಸಾರವನ್ನು ಪಿಎಚ್ 1.0 ಮತ್ತು 4.5 ಇರುವ ಎರಡು ದ್ರಾವಣಗಳಲ್ಲಿ ಬೆರೆಸಿ, 520 ಮತ್ತು 700 ನ್ಯಾನೋಮೀಟರ್‌ನಲ್ಲಿ ಬೆಳಕು ಹೀರುವಿಕೆಯನ್ನು ಅಳೆಯುವ ಸ್ಪೆಕ್ಟ್ರೋಫೋಟೊಮೀಟರ್ ಓದಿದರೆ ಸಾಕು. ಗುಂಡು ಸಣ್ಣ ಹಣ್ಣಿನ ನಾಟಿ ಮರಕ್ಕೂ, ಉದ್ದ ಹಣ್ಣಿನ ಮರಕ್ಕೂ ಇರುವ ವ್ಯತ್ಯಾಸ ಅಂಕಿಯಲ್ಲಿ ಕಾಣುತ್ತದೆ.

ಇನ್ನು ಸಕ್ಕರೆ ಕಾಯಿಲೆಯ ವಿಚಾರ. ನೇರಳೆ ಎಂದರೆ ಮಧುಮೇಹ ಎಂಬಷ್ಟು ಅದು ಜನರ ಮನಸ್ಸಿನಲ್ಲಿ ಬೇರೂರಿದೆ. ಬೀಜದ ಸಾರ ಇಲಿಗಳಲ್ಲಿ ರಕ್ತದ ಸಕ್ಕರೆಯನ್ನು ಇಳಿಸಿತೆಂಬ ವರದಿಗಳು ಬಹಳ ಇವೆ. ಆದರೆ ನೇರಳೆ ಎಲೆಯ ಚಹಾ ಕುಡಿಸಿ ನೋಡಿದ ಬ್ರೆಜಿಲ್‌ನ ಸಂಶೋಧಕರು ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಅಂಥ ಪರಿಣಾಮ ಕಾಣಲಿಲ್ಲವೆಂದು 2000ದಲ್ಲಿ ಪ್ರಕಟಿಸಿದರು. ಎಲೆ ಬೇರೆ, ಬೀಜ ಬೇರೆ. ಇಲಿ ಬೇರೆ, ಮನುಷ್ಯ ಬೇರೆ. ಎಂ.ಎಸ್ಸಿ. ಮಟ್ಟದಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡಬೇಡಿ. ಅದಕ್ಕೆ ನೈತಿಕ ಸಮಿತಿಯ ಅನುಮತಿ ಬೇಕು, ಆ ಅನುಮತಿಗೇ ನಿಮ್ಮ ಸೆಮಿಸ್ಟರ್ ಮುಗಿದಿರುತ್ತದೆ. ಪರೀಕ್ಷಾ ನಳಿಕೆಯಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಅಮೈಲೇಸ್ ಕಿಣ್ವವನ್ನು ತಡೆಯುವ ಪ್ರಯೋಗ ಮಾಡುವವರೂ ಎಚ್ಚರದಿಂದಿರಬೇಕು. ನೇರಳೆಯ ತೊಗಟೆ, ಎಲೆ, ಬೀಜ ಎಲ್ಲವೂ ಟ್ಯಾನಿನ್ ತುಂಬಿದವು. ಟ್ಯಾನಿನ್ ಸಿಕ್ಕ ಸಿಕ್ಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಕಿಣ್ವವೂ ಪ್ರೋಟೀನೇ. ಟ್ಯಾನಿನ್ ತೆಗೆದ ಸಾರದಲ್ಲೂ ಅದೇ ಫಲಿತಾಂಶ ಬಂದರೆ ಮಾತ್ರ ಅದಕ್ಕೆ ಬೆಲೆ.

ಪೇರಲ: ಬಹುಪಾಲು ವಿದ್ಯಾರ್ಥಿಗಳಿಗೆ ನನ್ನ ಶಿಫಾರಸು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಪೇರಲದ ವಿಷಯದಲ್ಲಿ ಪ್ರತಿ ವರ್ಷ ನಿಜವಾಗುತ್ತದೆ. ಮನೆಯಂಗಳದಲ್ಲಿ ಇರುವುದರಿಂದಲೇ ಅದನ್ನು ಯಾರೂ ಕೇಳುವುದಿಲ್ಲ. ನಾಲ್ಕು ತಿಂಗಳು, ಒಂದು ಸಾಧಾರಣ ಪ್ರಯೋಗಾಲಯ, ಸ್ವಲ್ಪ ಹಣ, ಇಷ್ಟೇ ಇರುವವರಿಗೆ ಇದಕ್ಕಿಂತ ಒಳ್ಳೆಯ ಗಿಡ ಬಳಗದಲ್ಲಿಲ್ಲ.

ಮೊದಲ ಅನುಕೂಲ ಕಾಲದ್ದು. ದಖ್ಖನಿನಲ್ಲಿ ಪೇರಲಕ್ಕೆ ವರ್ಷದಲ್ಲಿ ಮೂರು ಹೂಬಿಡುವ ಹಂಗಾಮುಗಳಿವೆ, ತೋಟಗಾರರು ಅವನ್ನು ಅಂಬೆ ಬಹಾರ್, ಮೃಗ ಬಹಾರ್, ಹಸ್ತ ಬಹಾರ್ ಎನ್ನುತ್ತಾರೆ. ಅಂಬೆಯ ಹೂವು ಫೆಬ್ರುವರಿ-ಮಾರ್ಚ್‌ನಲ್ಲಿ, ಮೃಗದ್ದು ಜೂನ್-ಜುಲೈನಲ್ಲಿ, ಹಸ್ತದ್ದು ಅಕ್ಟೋಬರ್ ಹೊತ್ತಿಗೆ. ಹಸ್ತದ ಹಣ್ಣು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೈಗೆ ಸಿಗುತ್ತದೆ. ಹೀಗಾಗಿ ನೀವು ಪ್ರಾಜೆಕ್ಟ್ ಆರಂಭಿಸುವ ತಿಂಗಳಲ್ಲೇ ಒಂದು ತೋಟದಲ್ಲಿ ಹೂವು, ಪಕ್ಕದ ತೋಟದಲ್ಲಿ ಹಣ್ಣು ಕಾಣಬಹುದು.

ಎರಡನೆಯದು, ನನಗೆ ಇನ್ನೂ ಮುಖ್ಯವಾಗಿ ತೋರುವುದು, ತಳಿಯ ಖಚಿತತೆ. ತೋಟದ ಪೇರಲ ಕಸಿ ಅಥವಾ ಗೂಟಿ (ಕೊಂಬೆಯಲ್ಲೇ ಬೇರು ಬರಿಸಿ ಬೇರ್ಪಡಿಸಿದ) ಗಿಡ. ಲಖನೌ-49 ಎಂದು ಕರೆಯುವ ಸರ್ದಾರ್ ತಳಿಯನ್ನು 1927ರಲ್ಲಿ ಪುಣೆಯ ಗಣೇಶಖಿಂಡ್‌ನಲ್ಲಿ ಅಲಹಾಬಾದ್ ಸಫೇದಾದ ಸಸಿಗಳಿಂದ ಆರಿಸಿದರು. ಅಂದಿನಿಂದ ಕಸಿಯಾಗಿ ಬಂದ ಗಿಡಗಳೆಲ್ಲ ತಳಿಗುಣದಲ್ಲಿ ಒಂದೇ. ಇದರ ಬೆಲೆ ನಮ್ಮ ಭಾಗದಲ್ಲಿ ಎಷ್ಟು ಎಂದು ಯೋಚಿಸಿ. ಕಲಬುರಗಿಯಿಂದ ಬೀದರಿಗೆ ನೂರು ಕಿಲೋಮೀಟರ್ ಆಚೀಚೆ. ಇಲ್ಲಿ ಬಿರುಕು ಬಿಡುವ ಎರೆಮಣ್ಣು, ಅಲ್ಲಿ ಪ್ರಸ್ಥಭೂಮಿಯ ಮೇಲೆ ಕೆಂಪು ಜಂಬಿಟ್ಟಿಗೆ ಮಣ್ಣು. ಎರಡು ಕಡೆ ಒಂದೇ ತಳಿಯ, ಒಂದೇ ವಯಸ್ಸಿನ ಗಿಡಗಳನ್ನು ಹಿಡಿದರೆ ಕಾಣುವ ವ್ಯತ್ಯಾಸ ತಳಿಯದಲ್ಲ, ಮಣ್ಣಿನದು, ನೀರಿನದು, ಹವೆಯದು. ಎಲೆಯ ಸತು-ಕಬ್ಬಿಣದ ಅಂಶ, ಹಣ್ಣಿನ ಸಕ್ಕರೆ, ವಿಟಮಿನ್ ಸಿ, ಇವನ್ನು ಮಣ್ಣಿನ ಪರೀಕ್ಷೆಯೊಂದಿಗೆ ಜೋಡಿಸಿ ಬರೆದರೆ ಅದು ಈ ಸೀಮೆಯಲ್ಲಿ ಮಾತ್ರ ಹುಟ್ಟಬಹುದಾದ ಪ್ರಬಂಧ. ಬೀಜದಿಂದ ಬೆಳೆದ ನೇರಳೆಯಲ್ಲಿ ಇದು ಆಗದು. ಅಲ್ಲಿ ಪ್ರತಿ ಮರದ ಹುಟ್ಟೂ ಬೇರೆ ಇರಬಹುದು, ಮಣ್ಣಿನ ಪರಿಣಾಮವನ್ನು ಬಿಡಿಸಿ ನೋಡಲು ಬರುವುದಿಲ್ಲ.

ಪೇರಲದಲ್ಲಿ ನೂರು ಗ್ರಾಂ ತಿರುಳಿಗೆ ಇನ್ನೂರು ಮಿಲಿಗ್ರಾಂ ಆಸುಪಾಸಿನ ವಿಟಮಿನ್ ಸಿ ಇದೆ, ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು. ಅದನ್ನು ಅಳೆಯಲು ಬ್ಯುರೆಟ್ ಮತ್ತು ಇಂಡೋಫಿನಾಲ್ ಬಣ್ಣವಿದ್ದರೆ ಆಯಿತು. ಒಂದು ಎಚ್ಚರಿಕೆ: ಹಣ್ಣನ್ನು ಕತ್ತರಿಸಿದ ಕ್ಷಣದಿಂದ ವಿಟಮಿನ್ ಕರಗುತ್ತದೆ, ನಲವತ್ತು ಡಿಗ್ರಿಯ ಕೋಣೆಯಲ್ಲಿ ಇನ್ನೂ ವೇಗವಾಗಿ. ಮೆಟಾಫಾಸ್ಫರಿಕ್ ಆಮ್ಲದಲ್ಲಿ ಅರೆದು ಕೂಡಲೇ ಓದಬೇಕು. ತೋಟದಿಂದ ಬಸ್ಸಿನಲ್ಲಿ ತರುವಾಗ ಥರ್ಮೋಕೋಲ್ ಡಬ್ಬಿ, ಅದರಲ್ಲಿ ಮಂಜುಗಡ್ಡೆ. ಇಷ್ಟನ್ನು ಮಾಡದೆ ಬೀದರಿನ ಹಣ್ಣಿಗೂ ಕಲಬುರಗಿಯ ಹಣ್ಣಿಗೂ ವ್ಯತ್ಯಾಸ ಕಂಡರೆ ಅದು ಬಸ್ ಪ್ರಯಾಣದ ವ್ಯತ್ಯಾಸವಾಗಿರಬಹುದು.

ಔಷಧಗುಣದಲ್ಲಿ ಪೇರಲದ ಎಲೆಗೆ ನೇರಳೆಗಿಂತ ಗಟ್ಟಿಯಾದ ಆಧಾರವಿದೆ ಎಂಬುದು ನನ್ನ ಅಭಿಪ್ರಾಯ. ಎಲೆಯ ಕ್ವರ್ಸೆಟಿನ್ ಬಗೆಯ ಸಂಯುಕ್ತಗಳು ಕರುಳಿನ ಸೆಳೆತವನ್ನು ತಗ್ಗಿಸುತ್ತವೆ. ಭೇದಿಯ ರೋಗಿಗಳಿಗೆ ಎಲೆಯ ಸಾರವನ್ನು ಕೊಟ್ಟು ಮೆಕ್ಸಿಕೋದಲ್ಲಿ ನಡೆಸಿದ ನಿಯಂತ್ರಿತ ಪ್ರಯೋಗವೊಂದು 2002ರಲ್ಲಿ ಪ್ರಕಟವಾಗಿದ್ದು, ಹೊಟ್ಟೆ ನೋವು ಬೇಗ ಇಳಿಯಿತೆಂದು ಅದು ಹೇಳುತ್ತದೆ. ನಮ್ಮ ಅಜ್ಜಿಯರು ಹೊಟ್ಟೆ ಕೆಟ್ಟಾಗ ಜಾಮಿನ ಚಿಗುರು ಜಗಿಯಲು ಹೇಳುತ್ತಿದ್ದುದನ್ನು ನೆನೆದರೆ ನನಗೆ ಸಂತೋಷವಾಗುತ್ತದೆ.

ರೈತರಿಗೆ ನೇರವಾಗಿ ನೆರವಾಗುವ ಕೆಲಸ ಬೇಕೆನ್ನುವವರು ಬೇರನ್ನು ನೋಡಿ. ಪೇರಲ ತೋಟಗಳನ್ನು ಬೇರುಗಂಟು ಜಂತು ಹುಳು ಒಣಗಿಸುತ್ತಿದೆ. ಅದು ಹರಡುವ ಮುಖ್ಯ ದಾರಿ ನರ್ಸರಿಯ ಸಸಿಯ ಮಣ್ಣು. ಸಸಿಗಳ ಬೇರು ತೊಳೆದು, ಗಂಟು ಎಣಿಸಿ, ಸೂಕ್ಷ್ಮದರ್ಶಕದಲ್ಲಿ ಹುಳು ಗುರುತಿಸುವ ಸಮೀಕ್ಷೆಗೆ ಹೆಚ್ಚು ಖರ್ಚಿಲ್ಲ. ಬೀದರಿನ ತೋಟಗಾರಿಕೆ ಮಹಾವಿದ್ಯಾಲಯ, ಕಲಬುರಗಿ ಮತ್ತು ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯಗಳಲ್ಲಿ ಈ ವಿಷಯ ಬಲ್ಲವರನ್ನು ಕೇಳಿ ಮುಂದುವರಿಯಬಹುದು.

ನೀಲಗಿರಿ: ಎಣ್ಣೆಯೋ, ನೀರೋ?

ನೀಲಗಿರಿಯನ್ನು ಆರಿಸುವವರು ಮೊದಲು ಎರಡರಲ್ಲಿ ಒಂದನ್ನು ಹಿಡಿಯಬೇಕು. ಎಣ್ಣೆಯ ದಾರಿ ಹಿಡಿದರೆ ಎಲೆಯಿಂದ ಎಣ್ಣೆ ಭಟ್ಟಿ ಇಳಿಸುವ ಕ್ಲೆವೆಂಜರ್ ಉಪಕರಣ ಮತ್ತು ಎಣ್ಣೆಯ ಘಟಕಗಳನ್ನು ಬಿಡಿಸಿ ಗುರುತಿಸುವ ಜಿಸಿ-ಎಂಎಸ್ ಯಂತ್ರ ಬೇಕು. ಮರ ಯಾವುದೆಂದು ಮೂಗೇ ಅರ್ಧ ಹೇಳುತ್ತದೆ: ಎಲೆ ಉಜ್ಜಿದಾಗ ನಿಂಬೆ ವಾಸನೆ ಬಂದರೆ ಅದು ಕೊರಿಂಬಿಯಾ, ಅದರ ಎಣ್ಣೆಯ ಮುಖ್ಯ ಭಾಗ ಸಿಟ್ರೊನೆಲಾಲ್. ಅಮೃತಾಂಜನದಂಥ ವಾಸನೆಯಿದ್ದರೆ ಸಿನಿಯೋಲ್ ಹೆಚ್ಚಿರುವ ಪ್ರಭೇದ. ಎಳೆಯ ಕೊಂಬೆಯ ಎಲೆಗೂ ಬಲಿತ ಮರದ ಎಲೆಗೂ ಆಕಾರ, ಜೋಡಣೆ ಎರಡೂ ಬೇರೆ, ಆದ್ದರಿಂದ ಎಲೆಯ ವಯಸ್ಸನ್ನು ಬರೆದಿಡದ ಎಣ್ಣೆಯ ಅಂಕಿ ಅಂಶಕ್ಕೆ ಅರ್ಥವಿಲ್ಲ. ಜಿಸಿ-ಎಂಎಸ್ ಯಂತ್ರದ ಗ್ರಂಥಾಲಯ (ಒಳಗಿನ ದತ್ತಾಂಶ ಸಂಗ್ರಹ) ಸೂಚಿಸಿದ ಹೆಸರನ್ನು ಹಾಗೆಯೇ ನಕಲು ಮಾಡದೆ, ಆಲ್ಕೇನ್ ಎಂಬ ಗೊತ್ತಿರುವ ಹೈಡ್ರೋಕಾರ್ಬನ್‌ಗಳ ಸರಣಿಯನ್ನೂ ಓಡಿಸಿ, ಪ್ರತಿ ಘಟಕ ಹೊರಬರುವ ಹೊತ್ತನ್ನು ಅವಕ್ಕೆ ಹೋಲಿಸಿ ಪಡೆದ ಧಾರಣ ಸೂಚ್ಯಂಕವನ್ನು ತಾಳೆ ನೋಡಬೇಕು. ಪ್ರಯೋಗಾಲಯವೇ ಇಲ್ಲದೆ ಲ್ಯಾಪ್‌ಟಾಪ್ ಮಾತ್ರ ಇರುವವರಿಗೂ ಇಲ್ಲಿ ಜಾಗವಿದೆ. ಯೂಕಲಿಪ್ಟಸ್ ಗ್ರ್ಯಾಂಡಿಸ್‌ನ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, 2014ರಲ್ಲಿ ಪ್ರಕಟವಾಗಿದೆ, 640 ಮೆಗಾಬೇಸ್ (64 ಕೋಟಿ ಅಕ್ಷರ), 36,376 ಜೀನ್‌ಗಳು. ಅದರಲ್ಲಿ ಎಣ್ಣೆ ತಯಾರಿಸುವ ಟರ್ಪೀನ್ ಸಿಂಥೇಸ್ ಜೀನ್‌ಗಳೇ ನೂರಕ್ಕೂ ಹೆಚ್ಚು. ದತ್ತಾಂಶ ಎಲ್ಲರಿಗೂ ಮುಕ್ತ.

ನೀರಿನ ದಾರಿ ನನಗೆ ಹೆಚ್ಚು ಇಷ್ಟ. ‘ನೀಲಗಿರಿ ನೀರು ಕುಡಿಯುತ್ತದೆ’ ಎಂಬ ಮಾತು ಕೇಳದ ರೈತನಿಲ್ಲ, 2017ರಲ್ಲಿ ರಾಜ್ಯ ಸರ್ಕಾರ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿಯೂ ಆಯಿತು. ಆದರೆ ಎಷ್ಟು ಕುಡಿಯುತ್ತದೆ, ಎಲ್ಲಿ? ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಕರ್ನಾಟಕದಲ್ಲೇ ಅಳೆದು 1993ರಲ್ಲಿ ಪ್ರಕಟಿಸಿದ ಫಲಿತಾಂಶ ಕಣ್ಣು ತೆರೆಸುವಂಥದ್ದು. ಮಣ್ಣು ಮೂರು ಮೀಟರಿನಷ್ಟೇ ಇದ್ದ ಕಡೆ ನೀಲಗಿರಿಯ ಬಳಕೆ ಸ್ಥಳೀಯ ಎಲೆಯುದುರುವ ಕಾಡಿಗಿಂತ ಹೆಚ್ಚಿರಲಿಲ್ಲ, ಎರಡೂ ವರ್ಷದ ಮಳೆಗೆ ಸರಿಸಮ. ರಾಗಿಗೆ ಹೋಲಿಸಿದರೆ ಮಾತ್ರ ಇಮ್ಮಡಿ. ಆದರೆ ಹೊಸಕೋಟೆಯ ಎಂಟು ಮೀಟರ್ ಆಳದ ಮಣ್ಣಿನಲ್ಲಿ ಮೂರು ವರ್ಷಗಳಲ್ಲಿ ಬಿದ್ದ ಮಳೆ 2,100 ಮಿಲಿಮೀಟರ್, ಮರಗಳು ಬಳಸಿದ್ದು ಅಂದಾಜು 3,400. ಉಳಿದ ನೀರನ್ನು ಬೇರುಗಳು ವರ್ಷದಿಂದ ವರ್ಷಕ್ಕೆ ಆಳಕ್ಕೆ ಇಳಿದು ಹೀರಿದವು. ಅಂದರೆ ಉತ್ತರ ಮರದಲ್ಲಿ ಮಾತ್ರವಲ್ಲ, ಮಣ್ಣಿನ ಆಳದಲ್ಲೂ ಇದೆ. ನಮ್ಮಲ್ಲಿ ಒಂದು ಹೊಲದಲ್ಲಿ ಅರ್ಧ ಮೀಟರಿಗೇ ಬಂಡೆ ಸಿಗುತ್ತದೆ, ಮುಂದಿನ ಹೊಲದಲ್ಲಿ ಎರೆ ಆಳವಾಗಿ ಇಳಿದಿರುತ್ತದೆ. ಒಂದು ಮಣ್ಣುಕೊರೆಕ, 105 ಡಿಗ್ರಿಗೆ ಇಡುವ ಒಲೆ, ತಕ್ಕಡಿ, ಇಷ್ಟಿದ್ದರೆ ಹಳೆಯ ನೀಲಗಿರಿ ತೋಪಿನ ಕೆಳಗೂ ಪಕ್ಕದ ತೊಗರಿ ಹೊಲದಲ್ಲೂ ಬೇರೆ ಬೇರೆ ಆಳದ ತೇವವನ್ನು ತಿಂಗಳಿಗೊಮ್ಮೆ ಅಳೆಯಬಹುದು. ತೋಪು ಕಡಿದು ಹೊಲ ಮಾಡಿದ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು, ಅಲ್ಲಿ ತೇವ ಮರಳಿ ಬರಲು ಎಷ್ಟು ಕಾಲ ಬೇಕೆಂಬುದು ಪಿಎಚ್.ಡಿ.ಗೆ ಯೋಗ್ಯವಾದ ಪ್ರಶ್ನೆ.

ಲವಂಗ

ಗಿಡದ ಸಂಶೋಧನೆಗೆ ಲವಂಗವನ್ನು ಆರಿಸಬೇಡಿ. ನಮ್ಮ ಒಣ ಹವೆಯಲ್ಲಿ ಆ ಮರ ಬೆಳೆಯುವುದಿಲ್ಲ, ನೀವು ನೋಡುವುದು ಕಿರಾಣಿ ಅಂಗಡಿಯ ಒಣಮೊಗ್ಗು ಮಾತ್ರ. ಅದರ ಎಣ್ಣೆಯ ಬಹುಭಾಗ ಯುಜಿನಾಲ್, ಅದು ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ ಎಂಬುದು ಹಳೆಯ ಮಾತು. ಮತ್ತೆ ಅದನ್ನೇ ತೋರಿಸಿ ಏನು ಫಲ? ಲವಂಗಕ್ಕೆ ಎರಡು ಉಪಯೋಗಗಳಿವೆ. ಒಂದು, ಪೇರಲ ಅಥವಾ ನೀಲಗಿರಿಯ ಸಾರ ಪರೀಕ್ಷಿಸುವಾಗ ಹೋಲಿಕೆಗೆ ಅದರ ಎಣ್ಣೆಯನ್ನು ಜೊತೆಗಿಡುವುದು. ಇನ್ನೊಂದು, ಕಲಬೆರಕೆಯ ಸಮೀಕ್ಷೆ. ಒಳ್ಳೆಯ ಮೊಗ್ಗಿನಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತು ಪಾಲು ಎಣ್ಣೆಯಿರುತ್ತದೆ. ಎಣ್ಣೆ ಹಿಂಡಿ ತೆಗೆದ ಮೊಗ್ಗು ನೋಡಲು ಹಾಗೆಯೇ ಇದ್ದರೂ ಭಟ್ಟಿಗಿಟ್ಟರೆ ಬಣ್ಣ ಬಯಲಾಗುತ್ತದೆ. ಮೂರು ಜಿಲ್ಲೆಗಳ ಸಂತೆಗಳಿಂದ ತಂದು ಅಳೆಯಬಹುದು. ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ನಾನು ಇದನ್ನೇ ಕೊಡುತ್ತೇನೆ. ಬಿಸಿನೀರಿನಲ್ಲಿ ನೆನೆಸಿದ ಲವಂಗವನ್ನು ಉದ್ದಕ್ಕೆ ಸೀಳಿದರೆ ಮೇಲಿನ ಗುಂಡಿನೊಳಗೆ ಮಡಚಿಟ್ಟ ಕೇಸರಗಳೂ, ಕಾಲಿನೊಳಗೆ ಅಂಡಾಶಯವೂ ಕಾಣುತ್ತವೆ. ಇಡೀ ಕುಟುಂಬದ ಲಕ್ಷಣವನ್ನು ಒಂದು ಒಗ್ಗರಣೆ ಸಾಮಾನು ತೋರಿಸಿಕೊಡುತ್ತದೆ.

ಬಾಟಲ್‌ಬ್ರಷ್

ಕಚೇರಿ, ಉದ್ಯಾನಗಳ ಅಂದಕ್ಕೆ ನೆಟ್ಟ ಈ ಗಿಡವನ್ನು ಯಾರೂ ಸಂಶೋಧನೆಯ ವಸ್ತುವೆಂದು ಎಣಿಸುವುದಿಲ್ಲ. ಆದರೆ 1977ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಯೊಬ್ಬರು ತಮ್ಮ ಅಂಗಳದ ಬಾಟಲ್‌ಬ್ರಷ್ ಕೆಳಗೆ ಕಳೆ ಬಹಳ ಕಡಿಮೆ ಇರುವುದನ್ನು ಗಮನಿಸಿದರು. ಅಲ್ಲಿನ ಮಣ್ಣನ್ನು ತಂದು ಸೋಸಿದಾಗ ಲೆಪ್ಟೊಸ್ಪರ್ಮೋನ್ ಎಂಬ ವಸ್ತು ಸಿಕ್ಕಿತು. ಅದರ ಜಾಡು ಹಿಡಿದು ಬೆಳೆದ ಟ್ರೈಕೀಟೋನ್ ಕಳೆನಾಶಕಗಳಲ್ಲಿ ಮೆಸೊಟ್ರಿಯೋನ್ ಇಂದು ಮೆಕ್ಕೆಜೋಳದ ಹೊಲಗಳಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಗಿಡದ ಬುಡವನ್ನು ನೋಡಿದ ಒಂದು ನೋಟದಿಂದ ಹುಟ್ಟಿದ ಸಂಶೋಧನೆ ಅದು.

ನಮ್ಮ ಕ್ಯಾಂಪಸ್ಸುಗಳಲ್ಲೂ ಈ ಕೆಲಸ ಮಾಡಬಹುದು. ಬುಡದಿಂದ ಅರ್ಧ, ಒಂದು, ಎರಡು ಮೀಟರ್ ದೂರದಲ್ಲಿ ಚೌಕಟ್ಟಿಟ್ಟು ಕಳೆ ಎಣಿಸಿ. ಉದುರಿದ ಎಲೆಯನ್ನು ನೀರಿನಲ್ಲಿ ನೆನೆಸಿ, ಆ ನೀರಿನಲ್ಲಿ ತೊಗರಿ ಮತ್ತು ಜೋಳದ ಬೀಜಗಳನ್ನು ಪೆಟ್ರಿ ತಟ್ಟೆಯಲ್ಲಿ ಮೊಳಕೆಗಿಡಿ. ಬರೀ ನೀರಿನ ತಟ್ಟೆ ಜೊತೆಗಿರಲಿ, ಸಾರದಷ್ಟೇ ದ್ರಾವ್ಯ ಸಾಂದ್ರತೆಯಿರುವ ಸಕ್ಕರೆ ನೀರಿನ ತಟ್ಟೆಯೂ ಇರಲಿ, ಏಕೆಂದರೆ ಗಟ್ಟಿ ದ್ರಾವಣ ಯಾವುದೇ ಇದ್ದರೂ ಮೊಳಕೆ ತಡೆಯುತ್ತದೆ. ನೆರಳಿನಿಂದ ಕಳೆ ಕಡಿಮೆಯಾಗಿದೆಯೋ ರಸಾಯನದಿಂದಲೋ ಎಂದು ಬಿಡಿಸಲು ಅಷ್ಟೇ ನೆರಳಿನ ಬೇರೊಂದು ಮರದ ಬುಡವನ್ನೂ ಎಣಿಸಬೇಕು. ಅಗ್ಗದ ಕೆಲಸ, ವರ್ಷವಿಡೀ ಆಗುತ್ತದೆ, ಹಸಿರು ಕಾಣುವ ಮಳೆಗಾಲದಲ್ಲಿ ಇನ್ನೂ ಚೆನ್ನಾಗಿ ಆಗುತ್ತದೆ.

ಯಾವ ಗಿಡವನ್ನೇ ಹಿಡಿದರೂ

‘ಎಲೆಯ ಸಾರದ ಬ್ಯಾಕ್ಟೀರಿಯಾ ನಿರೋಧಕ ಗುಣ’ ಎಂಬ ಶೀರ್ಷಿಕೆಯನ್ನು ದಯವಿಟ್ಟು ತರಬೇಡಿ. ಅಗಾರ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ವೃತ್ತದ ಅಗಲ, ಸಾರ ಎಷ್ಟು ಹರಡಿತು ಎಂಬುದನ್ನೂ ಅವಲಂಬಿಸಿದೆ. ಎರಡು ಗಿಡಗಳ ವೃತ್ತಗಳನ್ನು ಹೋಲಿಸಿ ಇದು ಮೇಲು, ಅದು ಕೀಳು ಎನ್ನಲಾಗದು. ಮಾಡಲೇಬೇಕೆಂದಿದ್ದರೆ ದ್ರವ ಮಾಧ್ಯಮದಲ್ಲಿ ಕನಿಷ್ಠ ನಿರೋಧಕ ಸಾಂದ್ರತೆಯನ್ನು (ಬೆಳವಣಿಗೆಯನ್ನು ನಿಲ್ಲಿಸುವ ಅತಿ ಕಡಿಮೆ ಪ್ರಮಾಣವನ್ನು) ಅಳೆಯಿರಿ, ದ್ರಾವಕದ ತಟ್ಟೆಯನ್ನೂ ತಿಳಿದ ಔಷಧದ ತಟ್ಟೆಯನ್ನೂ ಜೊತೆಗಿಡಿ.

ಹಾಗಾದರೆ ಆಯ್ಕೆ ಹೇಗೆ? ಫೆಬ್ರುವರಿಯಲ್ಲಿ ಆರಂಭಿಸಿ ಜೂನ್‌ನಲ್ಲಿ ಮುಗಿಸುವ ಎಂ.ಎಸ್ಸಿ. ವಿದ್ಯಾರ್ಥಿಗೆ ಪೇರಲ, ಬೆಳಗಿನ ಜಾವ ಏಳುವವರಾದರೆ ನೇರಳೆಯ ಹೂವು. ಮೂರು ವರ್ಷ ಕೈಯಲ್ಲಿರುವ ಪಿಎಚ್.ಡಿ. ವಿದ್ಯಾರ್ಥಿಗೆ ನೇರಳೆಯ ಬೀಜ ಮತ್ತು ಹಣ್ಣು, ಅಥವಾ ನೀಲಗಿರಿಯ ನೀರು. ಹಣವಿಲ್ಲದೆ ಕುತೂಹಲ ತುಂಬಿದ್ದವರಿಗೆ ಬಾಟಲ್‌ಬ್ರಷ್. ಯಾದಗಿರಿಯ ಭೀಮಾ ತೀರದಿಂದ ದಿನವೂ ಬಸ್ಸಿನಲ್ಲಿ ಬರುವವರು ತಮ್ಮ ಊರಿನ ಗಿಡವನ್ನೇ ಹಿಡಿಯಲಿ ಎಂಬುದು ನನ್ನ ಆಸೆ. ಅದೇ ಮರದ ಬಳಿಗೆ ಇಪ್ಪತ್ತು ಬಾರಿ ಹೋಗಲು ಸಾಧ್ಯವಾಗುವುದು ಊರಿನವರಿಗೇ.

ಗಿಡ ನಿಶ್ಚಯವಾದ ದಿನವೇ ಹೂವಿರುವ ಒಂದು ಕೊಂಬೆ ಒತ್ತಿ ಹರ್ಬೇರಿಯಂ ಹಾಳೆ ಮಾಡಿ. ಹೂವಿಲ್ಲದಿದ್ದರೆ ಎಲೆಯದ್ದು ಈಗ, ಹೂವಿನದು ಹೂವು ಬಂದಾಗ. ಹಾಳೆಯ ಮೇಲೆ ಊರು, ದಿನಾಂಕ, ಜಿಪಿಎಸ್ ಗುರುತು, ನಿಮ್ಮ ಸಂಗ್ರಹ ಸಂಖ್ಯೆ ಇರಲಿ. ಗುಲ್ಬರ್ಗಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಗುರುತು ಖಚಿತಪಡಿಸಿಕೊಳ್ಳಿ. ಮರಕ್ಕೆ ಅದೇ ಸಂಖ್ಯೆಯ ತಗಡಿನ ಬಿಲ್ಲೆಯನ್ನು ಸಡಿಲವಾದ ತಂತಿಯಲ್ಲಿ ಕಟ್ಟಿ, ಮೊಳೆ ಹೊಡೆಯಬೇಡಿ. ಖಾಸಗಿ ಹೊಲವಾದರೆ ಒಡೆಯರಾದ ಕಾಕಾನಿಗೋ ಅಣ್ಣನಿಗೋ ಮೊದಲೇ ತಿಳಿಸಿ, ಕೆಲಸ ಮುಗಿದ ಮೇಲೆ ಫಲಿತಾಂಶವನ್ನು ಕನ್ನಡದಲ್ಲಿ ಒಂದು ಪುಟ ಬರೆದುಕೊಡಿ. ಚಿಂಚೋಳಿಯ ವನ್ಯಜೀವಿ ಧಾಮದೊಳಗಿನ ಮರ ಬೇಕಿದ್ದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಒಂದು ಎಲೆಯನ್ನೂ ಕೀಳುವಂತಿಲ್ಲ. ಅರ್ಜಿಯನ್ನು ಡಿಸೆಂಬರ್‌ಗೆ ಮುಂಚೆಯೇ ಕೊಡಿ, ಮಾರ್ಚ್‌ನಲ್ಲಿ ನೇರಳೆಗೆ ಹೂವು ಬಂದಾಗ ಕಾಗದ ನಿಮ್ಮ ಕೈಯಲ್ಲಿರಬೇಕು.